ಹಳೆಯ ಇಂಡೋರ್ ಪೇಪರ್ ಸಿಗುತ್ತಿಲ್ಲ: ಸರ್ಕಾರಿ, ಪಾಲಿಕೆ ಆಸ್ಪತ್ರೆಗಳ ರೆಕಾರ್ಡ್ ರೂಮ್ ಬಗ್ಗೆ ಚರ್ಚೆ

ಮಾಟುಂಗಾ ಸ್ವಯಂಸೇವಕ

ಕಲಬುರಗಿ, ವಿಜಯಪುರ, ಅಕ್ಕಲಕೋಟೆ ಕಡೆಯಿಂದ ಮುಂಬಯಿಯ ಕೆಇಎಂ, ಸಾಯನ್, ನಾಯರ್, ಜೆಜೆ ಆಸ್ಪತ್ರೆಗಳಿಗೆ ಬರುವ ನಮ್ಮವರಿಗೆ ನೆರವಾಗುವ ಹಲವರು ಈ ಗುಂಪಿನಲ್ಲಿ ಇದ್ದೀರಿ. ಎಲ್ಲರಿಗೂ ಪದೇಪದೇ ಎದುರಾಗುವ ತೊಡಕು ಒಂದೇ. ಕೆಲವು ವರ್ಷಗಳ ಹಿಂದೆ ಆಪರೇಷನ್ ಆಗಿರುತ್ತದೆ, ಈಗಿನ ಡಾಕ್ಟರು ಹಳೆಯ ಇಂಡೋರ್ ಪೇಪರ್ (ಭರ್ತಿಯಾಗಿದ್ದಾಗಿನ ಚಿಕಿತ್ಸೆಯ ಕಾಗದ) ತನ್ನಿ ಎನ್ನುತ್ತಾರೆ, ರೆಕಾರ್ಡ್ ರೂಮಿನಿಂದ "ಸಿಗಲಿಲ್ಲ" ಎಂಬ ಉತ್ತರ ಬರುತ್ತದೆ. ನಿಜಕ್ಕೂ ಫೈಲ್ ಕಳೆದುಹೋಗಿರುತ್ತದೆಯೇ? ರೋಗಿ ಏನು ಹಿಡಿದುಕೊಂಡು ಹೋದರೆ ಸಿಕ್ಕೀತು? ಒಳಗೆ ಕೆಲಸ ಮಾಡುವವರು ವಿವರವಾಗಿ ಬರೆದರೆ ಉಪಕಾರ.

ಎಂಆರ್‌ಡಿ ಮುಂಬಯಿ

ಮೊದಲು ಎರಡು ಕಾಗದಗಳನ್ನು ಬೇರೆ ಮಾಡಿಕೊಳ್ಳಿ. ಓಪಿಡಿ (ಹೊರರೋಗಿ ವಿಭಾಗ) ಕೇಸ್ ಪೇಪರನ್ನು ಬಹುತೇಕ ಕಡೆ ರೋಗಿಯೇ ಮನೆಗೆ ಒಯ್ಯುತ್ತಾನೆ. ಆಸ್ಪತ್ರೆಯಲ್ಲಿ ಉಳಿಯುವುದು ರಿಜಿಸ್ಟರಿನ ಒಂದು ಸಾಲು ಅಥವಾ ಕಂಪ್ಯೂಟರಿನ ಒಂದು ನಮೂದು ಮಾತ್ರ. ಆ ಕಾಗದ ಮನೆಯಲ್ಲಿ ಕಳೆದರೆ ರೆಕಾರ್ಡ್ ರೂಮಿನಲ್ಲಿ ಎಷ್ಟು ಹುಡುಕಿದರೂ ಇರುವುದಿಲ್ಲ. ಭರ್ತಿಯಾದವರ ಇಂಡೋರ್ ಪೇಪರ್ ಮಾತ್ರ ಆಸ್ಪತ್ರೆಯ ವಶದಲ್ಲಿರುತ್ತದೆ. ರೋಗಿಯ ಕೈಗೆ ಸಿಗುವುದು ಡಿಸ್ಚಾರ್ಜ್ ಕಾರ್ಡ್.

ಆ ಕಾರ್ಡಿನ ಮೇಲ್ಭಾಗದಲ್ಲಿ ಇರುವ ಐಪಿಡಿ (ಒಳರೋಗಿ) ನಂಬರ್, ವಾರ್ಡ್, ಯೂನಿಟ್ (ನೋಡಿಕೊಂಡ ಡಾಕ್ಟರುಗಳ ತಂಡ), ಭರ್ತಿ ಮತ್ತು ಡಿಸ್ಚಾರ್ಜ್ ದಿನಾಂಕ ಇಷ್ಟಿದ್ದರೆ ಹುಡುಕಾಟ ಸುಲಭ. ಕಾರ್ಡ್ ಇಲ್ಲದೆ ಬರೀ ಹೆಸರು ಹೇಳಿದರೆ ಕಷ್ಟ, ಏಕೆಂದರೆ ರ್‍ಯಾಕಿನಲ್ಲಿ ಫೈಲು ಹೆಸರಿನ ಕ್ರಮದಲ್ಲಿ ಇರುವುದಿಲ್ಲ, ನಂಬರಿನ ಕ್ರಮದಲ್ಲಿ ಇರುತ್ತದೆ.

ನಂಬರ್ ಗೊತ್ತಿಲ್ಲದಾಗ ಹಿಂದಿನಿಂದ ಮುಂದಕ್ಕೆ ಬರಬೇಕು. ಆಪರೇಷನ್ ಆಗಿದ್ದರೆ ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್, ಹೆರಿಗೆಯಾಗಿದ್ದರೆ ಲೇಬರ್ ರೂಮ್ ರಿಜಿಸ್ಟರ್, ರಕ್ತ ಕೊಟ್ಟಿದ್ದರೆ ಬ್ಲಡ್ ಬ್ಯಾಂಕಿನ ಇಶ್ಯೂ ರಿಜಿಸ್ಟರ್, ಅಪಘಾತವಾಗಿದ್ದರೆ ಕ್ಯಾಶುಯಲ್ಟಿಯ (ತುರ್ತು ಚಿಕಿತ್ಸೆಯ ವಿಭಾಗ) ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ ರಿಜಿಸ್ಟರ್. ಇವೆಲ್ಲ ದಿನಾಂಕದ ಕ್ರಮದಲ್ಲಿ ಇರುವುದರಿಂದ ತಿಂಗಳು ನೆನಪಿದ್ದರೂ ಸಾಕು, ಹೆಸರಿನ ಪಕ್ಕದಲ್ಲೇ ಐಪಿಡಿ ನಂಬರ್ ಸಿಗುತ್ತದೆ. ಆದ್ದರಿಂದ ಕ್ಲರ್ಕಿಗೆ "ಹೆಸರು ನೋಡಿ" ಎನ್ನುವ ಬದಲು "2022ರ ದೀಪಾವಳಿಯ ಹಿಂದುಮುಂದು, ಸರ್ಜರಿ ವಾರ್ಡು, ಹರ್ನಿಯಾ ಆಪರೇಷನ್" ಎಂದು ಹೇಳಿ. ಅದು ಅವರ ಕೈಗೆ ಹಿಡಿ ಕೊಟ್ಟಂತೆ.

ಪುಣೆ ಕೋಡರ್

ಮುಂಬಯಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. "ಸಿಗಲಿಲ್ಲ" ಎಂದರೆ ಅನೇಕ ಸಲ ಫೈಲು ರೆಕಾರ್ಡ್ ರೂಮಿಗೆ ಬಂದೇ ಇಲ್ಲ ಎಂದರ್ಥ. ಹೋಗಿ ಕುಳಿತಿರುವ ಜಾಗಗಳು ಗೊತ್ತಿರುವವೇ: ಪ್ರಬಂಧ ಬರೆಯುವ ರೆಸಿಡೆಂಟ್ ಡಾಕ್ಟರ ಕಪಾಟು, ಸಾವಿನ ಪರಾಮರ್ಶೆಯ ಸಭೆಗೆಂದು ವಿಭಾಗದ ಆಫೀಸು, ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಜೋತಿಬಾ ಫುಲೆ ಜನ ಆರೋಗ್ಯ ಯೋಜನೆಯ (ಉಚಿತ ಚಿಕಿತ್ಸೆಯ ವಿಮೆ) ಕ್ಲೇಮಿಗೆಂದು ಯೋಜನೆಯ ಮೇಜು, ಎಂಎಲ್‌ಸಿ ಆಗಿದ್ದರೆ ಪೊಲೀಸ್ ಅಥವಾ ಕೋರ್ಟಿನ ಪತ್ರವ್ಯವಹಾರದ ಕಡತ. ರೋಗಿ ಯೋಜನೆಯಡಿ ಆಪರೇಷನ್ ಮಾಡಿಸಿಕೊಂಡಿದ್ದರೆ ಆ ಮೇಜಿನಲ್ಲಿ ಒಮ್ಮೆ ವಿಚಾರಿಸಲೇಬೇಕು. ಕ್ಲೇಮಿಗೆ ಅಪ್‌ಲೋಡ್ ಮಾಡಿದ ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಾರಾಂಶದ ಪ್ರತಿ ಅಲ್ಲಿ ಇರುವ ಸಾಧ್ಯತೆ ಹೆಚ್ಚು.

ಇದಕ್ಕೆ ಮದ್ದು ಟ್ರೇಸರ್ ಕಾರ್ಡ್. ಫೈಲು ಎಳೆದ ಜಾಗದಲ್ಲಿ ಫೈಲಿಗಿಂತ ಎರಡು ಬೆರಳು ಹೊರಗೆ ಚಾಚಿಕೊಂಡಿರುವ ಬಣ್ಣದ ದಪ್ಪ ಕಾರ್ಡ್ ಇಡಬೇಕು. ಅದರ ಮೇಲೆ ಫೈಲ್ ನಂಬರ್, ಒಯ್ದವರ ಹೆಸರು ಮತ್ತು ವಿಭಾಗ, ಒಯ್ದ ದಿನ, ಮರಳಿಸಬೇಕಾದ ದಿನ. ವಾರಕ್ಕೊಮ್ಮೆ ಒಬ್ಬರು ರ್‍ಯಾಕುಗಳ ನಡುವೆ ನಡೆದು, ಗಡುವು ದಾಟಿದ ಕಾರ್ಡುಗಳ ಪಟ್ಟಿ ಮಾಡಿ, ವಿಭಾಗದ ಮುಖ್ಯಸ್ಥರಿಗೆ ಕಳಿಸಬೇಕು. ಕಾರ್ಡ್ ಇಟ್ಟು ಪಟ್ಟಿ ಮಾಡದೆ ಬಿಟ್ಟರೆ ಆರು ತಿಂಗಳಲ್ಲಿ ರ್‍ಯಾಕಿನ ತುಂಬ ಕಾರ್ಡುಗಳೇ ಉಳಿಯುತ್ತವೆ.

ಸಿಸ್ಟರ್ ಠಾಣೆ

ವಾರ್ಡಿನ ಕಡೆಯಿಂದ ಆಗುವ ತಪ್ಪನ್ನೂ ಹೇಳಬೇಕು. ಡಿಸ್ಚಾರ್ಜ್ ಆದ ಫೈಲು 24 ಗಂಟೆಯೊಳಗೆ, ರಜೆ ಬಂದರೆ 48 ಗಂಟೆಯೊಳಗೆ ವಾರ್ಡು ಬಿಡಬೇಕು. ರಾತ್ರಿ 12ರ ಸೆನ್ಸಸ್‌ನಲ್ಲಿ (ವಾರ್ಡಿನ ರೋಗಿಗಳ ಲೆಕ್ಕ) ಎಷ್ಟು ಡಿಸ್ಚಾರ್ಜ್, ಎಷ್ಟು ಸಾವು, ಎಷ್ಟು ವರ್ಗಾವಣೆ, ಎಷ್ಟು ಡಾಮಾ (ಡಾಕ್ಟರ ಸಲಹೆ ಮೀರಿ ಹೊರಟವರು) ಎಂದು ಬರೆದಿರುತ್ತೇವೆ. ಮರುದಿನ ರೆಕಾರ್ಡ್ ರೂಮಿಗೆ ಹೋಗುವ ಫೈಲುಗಳ ಸಂಖ್ಯೆ ಆ ಲೆಕ್ಕಕ್ಕೆ ತಾಳೆಯಾಗಬೇಕು. ಸೆನ್ಸಸ್‌ನಲ್ಲಿ 11 ಡಿಸ್ಚಾರ್ಜ್, ಕಳಿಸಿದ್ದು 9 ಎಂದಾದರೆ ಉಳಿದ ಎರಡು ಎಲ್ಲಿ ಎಂದು ಅಂದೇ ಕೇಳಬೇಕು. ಒಂದು ವಾರ ಕಳೆದರೆ ಯೂನಿಟ್‌ನ ಹೌಸ್‌ಮನ್ (ಕಿರಿಯ ಡಾಕ್ಟರು) ಬದಲಾಗಿರಬಹುದು, ಆಮೇಲೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ.

ವಾರ್ಡಿನಿಂದ ವಾರ್ಡಿಗೆ ವರ್ಗಾವಣೆ ಆದವರ ಫೈಲೇ ಹೆಚ್ಚು ಕಳೆಯುವುದು. ಐಸಿಯುವಿನ ಚಾರ್ಟುಗಳು ಒಂದು ಕಡೆ, ಮೆಡಿಸಿನ್ ವಾರ್ಡಿನ ನೋಟ್ಸ್ ಇನ್ನೊಂದು ಕಡೆ. ವರ್ಗಾವಣೆಯ ಹೊತ್ತಿನಲ್ಲಿ ಹಾಳೆಗಳಿಗೆ ಪುಟಸಂಖ್ಯೆ ಹಾಕಿ, ಕೊನೆಯ ಸಂಖ್ಯೆಯನ್ನು ಒಪ್ಪಿಸುವವರು ಮತ್ತು ಒಪ್ಪಿಕೊಳ್ಳುವವರು ಇಬ್ಬರೂ ಸಹಿ ಮಾಡಿದರೆ ಈ ತೊಂದರೆ ನಿಲ್ಲುತ್ತದೆ.

ಪ್ರತಿ ನಮೂದಿಗೂ ದಿನಾಂಕ, ಗಂಟೆ, ಸಹಿ, ಸಹಿಯ ಕೆಳಗೆ ಓದಲು ಬರುವಂತೆ ಹೆಸರು. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯದು ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕಬೇಕು. ವೈಟ್ನರ್ ಹಚ್ಚಿದ ಹಾಳೆ ಕೋರ್ಟಿಗೆ ಹೋದಾಗ ಅನುಮಾನ ಹುಟ್ಟಿಸುತ್ತದೆ, ಚಿಕಿತ್ಸೆ ಎಷ್ಟೇ ಸರಿಯಾಗಿದ್ದರೂ.

ಮಾಟುಂಗಾ ಸ್ವಯಂಸೇವಕ

ಎಲ್ಲರಿಗೂ ಧನ್ಯವಾದ. ಇನ್ನೊಂದು ತೊಡಕಿದೆ. ಒಬ್ಬರೇ ರೋಗಿಯ ಹೆಸರಿನಲ್ಲಿ ಎರಡು ಮೂರು ನಂಬರ್ ಇರುವುದು ನಮ್ಮವರಲ್ಲಿ ಬಹಳ. ಹೆಸರು ಬರೆಸುವಾಗಲೇ ಏನೋ ಎಡವಟ್ಟಾಗುತ್ತದೆ.

ಎಂಆರ್‌ಡಿ ಮುಂಬಯಿ

ಸರ್, ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ರೆಕಾರ್ಡು ಸಿಗುತ್ತದೋ ಇಲ್ಲವೋ ಎಂಬುದು ಕಿಟಕಿಯ ಬಳಿ ಮೊದಲ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಮಹಾರಾಷ್ಟ್ರದ ಫಾರಂನಲ್ಲಿ ಹೆಸರಿನ ಕ್ರಮ ತನ್ನ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು. ನಮ್ಮಲ್ಲಿ ಒಬ್ಬರು "ಎಸ್. ಮಲ್ಲಪ್ಪ" ಎಂದು ಬರೆಸುತ್ತಾರೆ, ಮುಂದಿನ ಸಲ ಮಗ ಜತೆಗೆ ಬಂದು "ಮಲ್ಲಪ್ಪ ಸಿದ್ದಪ್ಪ ಹೂಗಾರ" ಎನ್ನುತ್ತಾನೆ, ಮೂರನೆಯ ಸಲ ಕ್ಲರ್ಕ್ ಊರಿನ ಹೆಸರನ್ನೇ ಅಡ್ಡಹೆಸರು ಎಂದುಕೊಳ್ಳುತ್ತಾನೆ. ಮದುವೆಯಾದ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ, ತವರಿನ ಹೆಸರಿನಲ್ಲಿ ಒಂದು, ಗಂಡನ ಹೆಸರಿನಲ್ಲಿ ಇನ್ನೊಂದು. ಅದರ ಮೇಲೆ ಕಾಗುಣಿತ. ದೇವನಾಗರಿಯಲ್ಲಿ ಹ್ರಸ್ವ ಎ, ಒ ಬರೆಯುವ ರೂಢಿ ಇಲ್ಲ. ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ದೊಡ್ಡಮನಿ, ಹೊಸಮನಿ, ಬಸವರಾಜ ಮುಂತಾದ ಹೆಸರುಗಳು ನಾಲ್ಕು ರೀತಿಯಲ್ಲಿ ಟೈಪ್ ಆಗುತ್ತವೆ. ಕಂಪ್ಯೂಟರು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ನಾಲ್ಕು ಜನ ಬೇರೆಬೇರೆಯೇ.

ಆದ್ದರಿಂದ ಹೊಸ ನಂಬರ್ ಕೊಡುವ ಮೊದಲು ಹೆಸರಿನ ಮೊದಲ ಮೂರು ಅಕ್ಷರ, ಲಿಂಗ, ಹುಟ್ಟಿದ ವರ್ಷ ಹಾಕಿ ಹುಡುಕಬೇಕು, ಬಂದ ಪಟ್ಟಿಯಲ್ಲಿ ಮೊಬೈಲ್ ಮತ್ತು ಊರು ತಾಳೆ ನೋಡಬೇಕು. ವಯಸ್ಸನ್ನು ಬರೆಯಬೇಡಿ, ಹುಟ್ಟಿದ ವರ್ಷ ಬರೆಯಿರಿ. "ಸುಮಾರು 60" ಎಂದು ಹೇಳಿದವರು ಐದು ವರ್ಷದ ನಂತರವೂ "ಸುಮಾರು 60" ಎಂದೇ ಹೇಳುತ್ತಾರೆ. ರೋಗಿಗಳಿಗೆ ನೀವು ಹೇಳಬೇಕಾದದ್ದು ಒಂದೇ: ಆಧಾರ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ, ಕಾರ್ಡು ತೋರಿಸಿ ಬರೆಸಿ, ಬಾಯಲ್ಲಿ ಹೇಳಿ ಬರೆಸಬೇಡಿ.

ಎರಡು ನಂಬರ್ ಇರುವುದು ಗೊತ್ತಾದರೆ ಒಂದನ್ನು ಅಳಿಸಬಾರದು. ಹಳೆಯ ನಂಬರ್ ಉಳಿಸಿಕೊಂಡು, ಹೊಸದರ ಫೈಲನ್ನು ಅದರೊಳಗೆ ಸೇರಿಸಿ, ಹೊಸದರ ಜಾಗದಲ್ಲಿ "ಇಂಥ ನಂಬರ್ ನೋಡಿ" ಎಂಬ ಕಾರ್ಡ್ ಇಡಬೇಕು. ಲ್ಯಾಬ್, ಎಕ್ಸ್‌ರೇ ವಿಭಾಗಗಳಿಗೂ ತಿಳಿಸಬೇಕು, ಇಲ್ಲವಾದರೆ ರಿಪೋರ್ಟುಗಳು ಕೈಬಿಟ್ಟ ನಂಬರಿಗೇ ಹೋಗುತ್ತಿರುತ್ತವೆ.

ಪಣಜಿ ಲ್ಯಾಬ್

ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಕಾರವಾರ, ಅಂಕೋಲಾ, ಜೋಯಿಡಾ ಕಡೆಯವರು ಬರುವುದರಿಂದ ಇಲ್ಲಿಯೂ ಹೆಸರಿನ ಗೊಂದಲ ಹೀಗೆಯೇ ಇದೆ. ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ನಂಬರ್ ಇದ್ದರೆ ಇದು ತಪ್ಪುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ತಪ್ಪುತ್ತದೆ. ಅದು 14 ಅಂಕಿಯ ಗುರುತು, 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಭಾಗ. ಕಿಟಕಿಯ ಬಳಿ ಇರುವ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ಹುಟ್ಟಿದ ದಿನ, ಲಿಂಗ, ವಿಳಾಸ ತಾನಾಗಿಯೇ ಹೋಗಿ ಟೋಕನ್ ಬರುತ್ತದೆ, ಕಾಗುಣಿತದ ತಪ್ಪಿಗೆ ಅವಕಾಶವಿಲ್ಲ.

ಆದರೆ ಆಭಾ ಮಾಡಿಸಿಕೊಂಡ ಮಾತ್ರಕ್ಕೆ ಹಳೆಯ ಕಾಗದಗಳು ಫೋನಿಗೆ ಬಂದುಬಿಡುವುದಿಲ್ಲ. ದಾಖಲೆ ಇರುವುದು ಆಯಾ ಆಸ್ಪತ್ರೆಯಲ್ಲೇ. ಆಸ್ಪತ್ರೆಯ ಸಾಫ್ಟ್‌ವೇರು ಆ ಭೇಟಿಯನ್ನು ನಿಮ್ಮ ಆಭಾಗೆ ಜೋಡಿಸಿದ್ದರೆ, ನೀವು ಒಪ್ಪಿಗೆ ಕೊಟ್ಟರೆ, ಆಗ ಇನ್ನೊಬ್ಬ ಡಾಕ್ಟರಿಗೆ ಕಾಣುತ್ತದೆ. 2018ರ ಇಂಡೋರ್ ಪೇಪರನ್ನು ಯಾರೂ ಸ್ಕ್ಯಾನ್ ಮಾಡಿಲ್ಲ ಎಂದರೆ ಅದು ರ್‍ಯಾಕಿನಲ್ಲೇ ಇರುತ್ತದೆ, ಹುಡುಕಿಯೇ ತರಬೇಕು.

ಚೆಂಬೂರು ಓದುಗ

ಹಾಗಿದ್ದರೆ ಹಳೆಯದೆಲ್ಲವನ್ನೂ ಒಮ್ಮೆ ಸ್ಕ್ಯಾನ್ ಮಾಡಿಬಿಟ್ಟರೆ ಆಯಿತಲ್ಲ? ಜಾಗವೂ ಉಳಿಯುತ್ತದೆ.

ಪುಣೆ ಕೋಡರ್

ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಸರಾಸರಿ 50 ಭರ್ತಿ ಇರುವ ಆಸ್ಪತ್ರೆ ಎಂದುಕೊಳ್ಳಿ. ವರ್ಷಕ್ಕೆ 18,250 ಫೈಲು. ಒಂದರಲ್ಲಿ 40 ಹಾಳೆ, ಎರಡು ಬದಿ ಸೇರಿ 80 ಚಿತ್ರ ಎಂದರೆ 14,60,000 ಚಿತ್ರ. ಒಂದು ಚಿತ್ರಕ್ಕೆ 150 ಕೆಬಿ ಹಿಡಿದರೂ ಒಟ್ಟು 220 ಜಿಬಿಯ ಆಸುಪಾಸು. ಅಂದರೆ ಸಂಗ್ರಹದ ಖರ್ಚು ಏನೂ ಅಲ್ಲ. ಕಷ್ಟ ಇರುವುದು ಸ್ಕ್ಯಾನರಿಗೆ ಹೋಗುವ ಮೊದಲು: ತುಕ್ಕು ಹಿಡಿದ ಪಿನ್ನು ಕೀಳುವುದು, ಮಡಿಕೆ ಬಿಡಿಸುವುದು, ಅಂಟಿಸಿದ ಲ್ಯಾಬ್ ಚೀಟಿಗಳನ್ನು ಬೇರೆ ಹಾಳೆಗೆ ತೆಗೆಯುವುದು, ತಲೆಕೆಳಗಾದ ಹಾಳೆ ಸರಿಮಾಡುವುದು. ಆಮೇಲೆ ಪ್ರತಿ ಫೈಲಿಗೂ ನಂಬರ್ ಮತ್ತು ದಿನಾಂಕ ಟೈಪ್ ಮಾಡುವುದು. ಈ ಎರಡು ಕೆಲಸಕ್ಕೆ ಜನ ಇಡದೆ ಟೆಂಡರು ಕರೆದರೆ, ಕೊನೆಗೆ ಹೆಸರಿಲ್ಲದ ಸಾವಿರಾರು ಪಿಡಿಎಫ್‌ಗಳು ಕೈಗೆ ಬರುತ್ತವೆ. ರ್‍ಯಾಕಿನಲ್ಲಿ ಹುಡುಕುವುದಕ್ಕಿಂತ ಅದರಲ್ಲಿ ಹುಡುಕುವುದು ಕಷ್ಟ.

ನನ್ನ ಅಭಿಪ್ರಾಯ ಹೀಗೆ: ಹಿಂದಿನದನ್ನು ಬಿಡಿ, ಇವತ್ತಿನಿಂದ ಡಿಸ್ಚಾರ್ಜ್ ಆಗುವ ಫೈಲುಗಳನ್ನು ಸ್ಕ್ಯಾನ್ ಮಾಡಲು ಶುರುಮಾಡಿ. ಹಳೆಯದರಲ್ಲಿ ಯಾರಾದರೂ ಕೇಳಿ ಬಂದ ಫೈಲನ್ನು ಮಾತ್ರ, ಹೊರಗೆ ತೆಗೆದಾಗಲೇ ಸ್ಕ್ಯಾನ್ ಮಾಡಿ. 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಗ್ರೇ, ಪಿಡಿಎಫ್/ಎ (ಬಹುಕಾಲ ಉಳಿಸಲು ಮಾಡಿದ ಪಿಡಿಎಫ್). ಪೆನ್ಸಿಲ್ ಮತ್ತು ಕಾರ್ಬನ್ ಪ್ರತಿಗಳು ಬರೀ ಕಪ್ಪುಬಿಳುಪಿನಲ್ಲಿ ಮಾಯವಾಗುತ್ತವೆ, ಹಾಗಾಗಿ ಗ್ರೇ ಬೇಕು. ನೂರಕ್ಕೆ ಐದು ಫೈಲನ್ನಾದರೂ ಮೂಲದ ಜತೆ ಇಟ್ಟು ಪುಟ ಎಣಿಸಿ ನೋಡಬೇಕು.

ಜಾಗದ ಮಾತಿಗೆ ಬಂದರೆ, ಅದೇ 18,250 ಫೈಲು, ಒಂದೊಂದು 7 ಮಿಲಿಮೀಟರ್ ದಪ್ಪ ಎಂದರೆ ಸುಮಾರು 128 ಮೀಟರ್. 90 ಸೆಂಟಿಮೀಟರ್ ಅಗಲದ, ಆರು ಅಂತಸ್ತಿನ ರ್‍ಯಾಕ್ 5.4 ಮೀಟರ್ ಹಿಡಿಯುತ್ತದೆ, ಹಾಗಾಗಿ 24 ರ್‍ಯಾಕು. ಕಾಲುಭಾಗ ಖಾಲಿ ಬಿಡದಿದ್ದರೆ ಫೈಲು ಎಳೆಯಲು, ಸೇರಿಸಲು ಆಗುವುದಿಲ್ಲ, ಆದ್ದರಿಂದ 32 ಬೇಕು. ಕಟ್ಟಡದ ನಕ್ಷೆ ಮಾಡುವಾಗಲೇ ಈ ಲೆಕ್ಕ ಇಟ್ಟರೆ ಮೆಟ್ಟಿಲ ಕೆಳಗೆ ಗೋಣಿಚೀಲದಲ್ಲಿ ಫೈಲು ತುಂಬುವ ಗತಿ ಬರುವುದಿಲ್ಲ.

ಎಂಆರ್‌ಡಿ ಮುಂಬಯಿ

ಜೋಡಿಸುವ ಕ್ರಮದ ಬಗ್ಗೆಯೂ ಬರೆಯುತ್ತೇನೆ, ತಾಲ್ಲೂಕು ಆಸ್ಪತ್ರೆಯವರು ಯಾರಾದರೂ ಓದುತ್ತಿದ್ದರೆ ಉಪಯೋಗವಾದೀತು. 1, 2, 3 ಎಂದು ನೇರವಾಗಿ ಜೋಡಿಸಿದರೆ ಹೊಸ ಫೈಲೆಲ್ಲ ಕೊನೆಯ ರ್‍ಯಾಕಿನಲ್ಲೇ ಬಂದು ಬೀಳುತ್ತದೆ, ಎಲ್ಲ ಕ್ಲರ್ಕುಗಳೂ ಅಲ್ಲಿಯೇ ನೂಕಾಡುತ್ತಾರೆ, ಹಳೆಯದನ್ನು ತೆಗೆದಂತೆಲ್ಲ ಇಡೀ ಸಾಲನ್ನು ಸರಿಸಬೇಕಾಗುತ್ತದೆ. ಅದರ ಬದಲು ಕೊನೆಯ ಎರಡು ಅಂಕಿಯಿಂದ ಜೋಡಿಸಿ. ನಂಬರ್ 487316 ಎಂದಿಟ್ಟುಕೊಳ್ಳಿ. ಇದನ್ನು 48, 73, 16 ಎಂದು ಒಡೆಯಿರಿ. ಮೊದಲು 16ನೆಯ ವಿಭಾಗಕ್ಕೆ ಹೋಗಿ, ಅದರೊಳಗೆ 73, ಅದರೊಳಗೆ 48ನೆಯದು. ಮುಂದಿನ ರೋಗಿಯ 487317 ಪಕ್ಕದ ವಿಭಾಗಕ್ಕೆ ಹೋಗುತ್ತದೆ. ಹೀಗೆ 00ರಿಂದ 99ರವರೆಗೆ ನೂರು ವಿಭಾಗಗಳು ಒಂದೇ ಸಮನಾಗಿ ತುಂಬುತ್ತವೆ. ನಾಲ್ವರು ಕ್ಲರ್ಕುಗಳಿದ್ದರೆ ಒಬ್ಬೊಬ್ಬರಿಗೆ 25 ವಿಭಾಗ. ತಪ್ಪಾದರೆ ಯಾರ ಕೈಯಲ್ಲಿ ಆಯಿತೆಂದು ತಿಳಿಯುತ್ತದೆ, ಹುಡುಕಬೇಕಾದ ಜಾಗವೂ ಚಿಕ್ಕದು. ಫೈಲಿನ ಅಂಚಿಗೆ ಕೊನೆಯ ಎರಡು ಅಂಕಿಗೆ ಎರಡು ಬಣ್ಣದ ಪಟ್ಟಿ ಅಂಟಿಸಿದರೆ ಬೇರೆ ವಿಭಾಗದಲ್ಲಿ ಸಿಕ್ಕಿಕೊಂಡ ಫೈಲು ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ವರ್ಷದ ಪ್ರಕಾರ ನಂಬರ್ ಮತ್ತೆ 1ರಿಂದ ಶುರುಮಾಡುವ ಕಡೆ ಈ ಕ್ರಮಕ್ಕೆ ವರ್ಷವಾರು ಬೇರೆ ಕೋಣೆ ಅಥವಾ ಬೇರೆ ಸಾಲು ಬೇಕು. ಸಾಧ್ಯವಾದರೆ ರೋಗಿಗೆ ಜೀವನಪೂರ್ತಿ ಒಂದೇ ನಂಬರ್ ಇಡುವುದು ಒಳ್ಳೆಯದು.

ಪಣಜಿ ಲ್ಯಾಬ್

ಮಳೆಯ ಬಗ್ಗೆ ಯಾರೂ ಬರೆಯಲಿಲ್ಲ. ಕೊಂಕಣ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದದ ಮೊದಲ ಶತ್ರು ತೇವ. ಮುಂಬಯಿಯವರಿಗೆ 2005ರ ಜುಲೈ 26 ನೆನಪಿದ್ದೇ ಇರುತ್ತದೆ, ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್. ಅದಾದ ಮೇಲೂ ನೆಲಮಾಳಿಗೆಯಲ್ಲಿ ರೆಕಾರ್ಡ್ ಇಡುವುದು ಸರಿಯಲ್ಲ. ಎಲ್ಲಿಟ್ಟರೂ ಕೆಳಗಿನ ಅಂತಸ್ತು ನೆಲದಿಂದ 15 ಸೆಂಟಿಮೀಟರ್ ಮೇಲಿರಲಿ, ರ್‍ಯಾಕು ಗೋಡೆಗೆ ತಾಗದೆ ಒಂದು ಗೇಣು ದೂರವಿರಲಿ, ತಲೆಯ ಮೇಲೆ ನೀರಿನ ಪೈಪು ಹಾದುಹೋಗದಿರಲಿ.

ಫೈಲು ನೆನೆದರೆ 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರು. ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ, ಹಾಳೆ ಸುರುಳಿಯಾಗುತ್ತದೆ. ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ, ಹತ್ತಿಪ್ಪತ್ತು ಹಾಳೆಗೊಂದು ಬ್ಲಾಟಿಂಗ್ ಪೇಪರ್ ಅಥವಾ ಮುದ್ರಣವಿಲ್ಲದ ನ್ಯೂಸ್‌ಪ್ರಿಂಟ್ ಇಟ್ಟು, ಅದನ್ನು ಆಗಾಗ ಬದಲಿಸಬೇಕು. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬಾರದು. ಒಂದೇ ಸಲ ಬಹಳ ಫೈಲು ನೆನೆದು ಕೈಸಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಡೀಪ್ ಫ್ರೀಜರಿನಲ್ಲಿ ಇಟ್ಟರೆ ಬೂಷ್ಟು ನಿಲ್ಲುತ್ತದೆ, ಆಮೇಲೆ ಸ್ವಲ್ಪಸ್ವಲ್ಪವೇ ತೆಗೆದು ಒಣಗಿಸಬಹುದು.

ಸ್ಟೇಪ್ಲರ್ ಪಿನ್ ಕರಾವಳಿಯ ಗಾಳಿಗೆ ಬೇಗ ತುಕ್ಕು ಹಿಡಿದು ಹಾಳೆಯನ್ನೇ ತಿನ್ನುತ್ತದೆ. ಟ್ಯಾಗ್ ದಾರ ಬಳಸಿ. ಇಸಿಜಿ ಪಟ್ಟಿ ಮತ್ತು ಕೆಲವು ಯಂತ್ರಗಳ ಲ್ಯಾಬ್ ಪ್ರಿಂಟ್ ಥರ್ಮಲ್ ಕಾಗದದ್ದು. ಬಿಸಿ, ಬೆಳಕು, ಪಿವಿಸಿ ಪ್ಲಾಸ್ಟಿಕ್ ಕವರಿನ ಸ್ಪರ್ಶ, ಮೂರರಿಂದಲೂ ಅಕ್ಷರ ಮಾಸುತ್ತದೆ. ಹೃದಯಾಘಾತದ ಮೊದಲ ಇಸಿಜಿ ಕೆಲವು ವರ್ಷದಲ್ಲಿ ಬಿಳಿ ಪಟ್ಟಿಯಾಗಿ ಉಳಿದರೆ ಯಾರಿಗೂ ಪ್ರಯೋಜನವಿಲ್ಲ. ಫೈಲಿಗೆ ಸೇರಿಸುವ ದಿನವೇ ಝೆರಾಕ್ಸ್ ತೆಗೆದು ಅದರ ಜತೆ ಇಡಿ. ಮನೆಯಲ್ಲಿ ಇಟ್ಟುಕೊಳ್ಳುವ ರೋಗಿಗಳಿಗೂ ಇದನ್ನೇ ಹೇಳಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಆ ಬಿಸಿಗೆ ಥರ್ಮಲ್ ಕಾಗದ ಪೂರ್ತಿ ಕಪ್ಪಾಗುತ್ತದೆ.

ವಕೀಲ ಫೋರ್ಟ್

ಕಾನೂನಿನ ಭಾಗ ನಾನು ಬರೆಯುತ್ತೇನೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು. ರೋಗಿ, ಅವರು ಅಧಿಕಾರ ಕೊಟ್ಟವರು ಅಥವಾ ಕಾನೂನು ಅಧಿಕಾರಿಗಳು ಕೇಳಿದರೆ ಕೂಡಲೇ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಪ್ರತಿ ಪಡೆಯುವುದು ರೋಗಿಯ ಹಕ್ಕು ಎಂಬುದನ್ನು ಬಾಂಬೆ ಹೈಕೋರ್ಟ್ 1996ರಲ್ಲೇ ಎತ್ತಿಹಿಡಿದಿದೆ, ಪ್ರತಿಯ ಖರ್ಚು ಕೇಳುವುದಕ್ಕೆ ಮಾತ್ರ ಆಸ್ಪತ್ರೆಗೆ ಅವಕಾಶವಿದೆ.

ಮೂರು ವರ್ಷ ಕನಿಷ್ಠ ಮಾತ್ರ. ಕೇಸು ನಡೆಯುತ್ತಿರುವ ಎಂಎಲ್‌ಸಿ ಫೈಲನ್ನು ಕೇಸು ಮುಗಿಯುವವರೆಗೆ ಮುಟ್ಟಬಾರದು. ಗರ್ಭಿಣಿಯರ ಸೋನೋಗ್ರಫಿಯ ಫಾರ್ಮ್ ಎಫ್ ಎರಡು ವರ್ಷ, ಮೊಕದ್ದಮೆ ಇದ್ದರೆ ಅದು ತೀರುವ ತನಕ. ಗರ್ಭಪಾತದ ದಾಖಲಾತಿ ರಿಜಿಸ್ಟರ್ ಕೊನೆಯ ನಮೂದಿನಿಂದ ಐದು ವರ್ಷ, ಅದೂ ಗೋಪ್ಯವಾಗಿ, ಬೇರೆ ಯಾವ ರಿಜಿಸ್ಟರಿನಲ್ಲೂ ಹೆಂಗಸಿನ ಹೆಸರು ಬರೆಯದೆ ಕ್ರಮಸಂಖ್ಯೆ ಮಾತ್ರ. ಎಚ್‌ಐವಿ ಇರುವವರ ಫೈಲಿನ ಹೊರಕವಚದ ಮೇಲೆ, ಹಾಸಿಗೆಯ ಮೇಲೆ ಗುರುತು ಹಾಕುವ ಅಭ್ಯಾಸ ಎಲ್ಲಾದರೂ ಉಳಿದಿದ್ದರೆ ದಯವಿಟ್ಟು ನಿಲ್ಲಿಸಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಆ ಮಾಹಿತಿಯ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ.

ಅರ್ಜಿ ಒಂದೇ ಪುಟದಲ್ಲಿರಲಿ, ವೈದ್ಯಕೀಯ ಅಧೀಕ್ಷಕರ ಹೆಸರಿಗೆ. ಹೆಸರು, ಐಪಿಡಿ ನಂಬರ್, ವಾರ್ಡ್, ದಿನಾಂಕಗಳು, ಯಾವ ಯಾವ ಕಾಗದ ಬೇಕು, ಅಷ್ಟೇ. "ಎಲ್ಲ ಪೇಪರ್" ಎನ್ನುವ ಬದಲು ಆಪರೇಷನ್ ನೋಟ್ಸ್, ಅರಿವಳಿಕೆ ನೋಟ್ಸ್, ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಾರಾಂಶ ಎಂದು ಬರೆದರೆ ಬೇಗ ಸಿಗುತ್ತದೆ. ರೋಗಿ ಬರಲಾಗದಿದ್ದರೆ ಸಹಿ ಮಾಡಿದ ಅಧಿಕಾರ ಪತ್ರ, ಇಬ್ಬರ ಗುರುತಿನ ಚೀಟಿಯ ಪ್ರತಿ. ಇನ್ನೊಂದು ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ ಮತ್ತು ಮೊಹರು ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಅದಕ್ಕೆ 30 ದಿನ, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ.

ಸ್ಕ್ಯಾನ್ ಮಾಡಿ ಮೂಲ ನಾಶಮಾಡುವ ಯೋಚನೆ ಇದ್ದವರಿಗೆ ಒಂದು ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಡಿಜಿಟಲ್ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಎರಡು ಭಾಗದ ಪ್ರಮಾಣಪತ್ರ, ಹ್ಯಾಶ್ ಮೌಲ್ಯದ (ಪ್ರತಿ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಸಮೇತ ಬೇಕು. ಎಂಎಲ್‌ಸಿ ಕಾಗದಗಳ ಮೂಲವನ್ನು ಇಟ್ಟುಕೊಳ್ಳುವುದೇ ಸುರಕ್ಷಿತ. ಅವಧಿ ಮುಗಿದ ಉಳಿದ ಫೈಲುಗಳನ್ನು ರದ್ದಿಗೆ ಹಾಕಬಾರದು. ಸಮಿತಿಯ ಒಪ್ಪಿಗೆ, ನಂಬರುಗಳ ಪಟ್ಟಿ, ಎದುರಿಗೆ ನಿಂತು ಚೂರುಮಾಡಿಸಿದ ದಾಖಲೆ, ಮೂರೂ ಬೇಕು. ಆ ಪಟ್ಟಿಯನ್ನು ಶಾಶ್ವತವಾಗಿ ಇಡಿ. ಆಗ ಹತ್ತು ವರ್ಷದ ನಂತರ ಬಂದವರಿಗೆ "ಸಿಗಲಿಲ್ಲ" ಎನ್ನುವ ಬದಲು "ಇಂಥ ದಿನ ನಾಶವಾಗಿದೆ" ಎಂದು ಬರೆದುಕೊಡಬಹುದು.

ಸಿಸ್ಟರ್ ಠಾಣೆ

ವಕೀಲರೇ, ಸಾವಿನ ಫೈಲಿನ ಬಗ್ಗೆ ಒಂದು ಸೇರಿಸುತ್ತೇನೆ. ಮನೆಯವರಿಗೆ ವಿಮೆ, ಪಿಂಚಣಿಗೆ ಬೇಕಾಗುವುದು ಫಾರ್ಮ್ 4ರಲ್ಲಿ (ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ) ಬರೆದ ಕಾರಣ. "ಹೃದಯ, ಉಸಿರಾಟ ನಿಂತು ಸಾವು" ಎಂದಷ್ಟೇ ಬರೆದರೆ ಅದು ಕಾರಣವಲ್ಲ, ಸಾಯುವ ಎಲ್ಲರಲ್ಲೂ ಅದು ಆಗುತ್ತದೆ. ಮೊದಲ ಭಾಗದ ಮೇಲಿನ ಸಾಲಿನಲ್ಲಿ ನೇರ ಕಾರಣ, ಅದರ ಕೆಳಗೆ ಅದಕ್ಕೆ ಕಾರಣವಾದದ್ದು, ಕೊನೆಯ ಸಾಲಿನಲ್ಲಿ ಮೂಲ ರೋಗ. ಕೋಡರ್ ಐಸಿಡಿ ಕೋಡ್ (ರೋಗಗಳ ಅಂತರರಾಷ್ಟ್ರೀಯ ಸಂಕೇತ) ಕೊಡುವುದು ಆ ಮೂಲ ರೋಗಕ್ಕೆ.

ಪುಣೆ ಕೋಡರ್

ಹೌದು ಸಿಸ್ಟರ್. ಕೊನೆಯ ಸಾಲು ಖಾಲಿ ಇದ್ದರೆ ನಾವು ಫೈಲನ್ನು ಯೂನಿಟ್‌ಗೆ ವಾಪಸ್ ಕಳಿಸಲೇಬೇಕಾಗುತ್ತದೆ, ಮನೆಯವರು ಅಷ್ಟು ದಿನ ಕಾಯಬೇಕು.

ವಾಶಿ ಗೃಹಿಣಿ

ನವಿಮುಂಬಯಿಯಲ್ಲಿ ಹೆಸರು ನೋಂದಾಯಿಸಿ, ಹೆರಿಗೆಗೆ ತವರಿಗೆ ವಿಜಯಪುರಕ್ಕೆ ಹೋಗುವವರು ಏನೇನು ಒಯ್ಯಬೇಕು? ಮಗುವಿನ ಜನನ ಪತ್ರ ಎಲ್ಲಿ ಸಿಗುತ್ತದೆ?

ಸಿಸ್ಟರ್ ಠಾಣೆ

ಇಲ್ಲಿ ಕೊಟ್ಟ ತಾಯಿ ಮಗುವಿನ ಕಾರ್ಡನ್ನೇ ಒಯ್ಯಿರಿ ಅಕ್ಕ, ನಮ್ಮ ಕಡೆ ತಾಯಿ ಕಾರ್ಡ್ ಅನ್ನುವುದು ಅದನ್ನೇ. ಅದರ ಮೇಲಿನ 12 ಅಂಕಿಯ ಆರ್‌ಸಿಎಚ್ (ತಾಯಿ ಮಗುವಿನ ಆರೋಗ್ಯ ನೋಂದಣಿ) ನಂಬರ್ ಅಲ್ಲಿಯೂ ನಡೆಯುತ್ತದೆ, ಹೊಸದು ಮಾಡಿಸಬೇಡಿ. ಜತೆಗೆ ರಕ್ತದ ಗುಂಪು, ಹಿಮೋಗ್ಲೋಬಿನ್, ಸೋನೋಗ್ರಫಿ ರಿಪೋರ್ಟುಗಳು, ಟಿಡಿ (ಧನುರ್ವಾಯು, ಡಿಫ್ತೀರಿಯಾ) ಚುಚ್ಚುಮದ್ದಿನ ದಿನಾಂಕ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಅದರ ಡಿಸ್ಚಾರ್ಜ್ ಕಾರ್ಡ್ ಮರೆಯಲೇಬೇಡಿ.

ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ನೀವು ವಾಸಿಸುವ ಊರಿನಲ್ಲಿ ಅಲ್ಲ. ಆಸ್ಪತ್ರೆಯವರೇ 21 ದಿನದೊಳಗೆ ಫಾರ್ಮ್ 1 ಕಳಿಸುತ್ತಾರೆ. ಡಿಸ್ಚಾರ್ಜ್ ಆಗುವ ಮೊದಲು ಆ ಫಾರಂ ಕೇಳಿ ಪಡೆದು, ತಂದೆ ತಾಯಿಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ನೋಡಿ. ಮಗುವಿನ ಹೆಸರು ಇನ್ನೂ ಇಟ್ಟಿಲ್ಲ ಎಂದು ತಡೆಯಬೇಡಿ, ಹೆಸರಿಲ್ಲದೆಯೇ ನೋಂದಣಿಯಾಗಲಿ. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೂ ಹೆಸರು ಸೇರಿಸಬಹುದು.